ಪುಟ್ಟ ಮಕ್ಕಳಿಗೆ ಬಣ್ಣ ಬೆರೆಸೋದು ಕಲಿಸುವಾಗ: ನೇರಳೆ ಯಾಕೆ ಕಾಫಿಪುಡಿ ಬಣ್ಣಕ್ಕೆ ತಿರುಗುತ್ತೆ, ಶುರು ಎಲ್ಲಿಂದ ಮಾಡಬೇಕು?

ಮಿಸ್_ಮದ್ದೂರು:
ನಲಿ-ಕಲಿ ಕೊಠಡಿ, ಒಂದರಿಂದ ಮೂರನೇ ತರಗತಿ, ಒಟ್ಟು 28 ಮಕ್ಕಳು. ಬ್ಯಾಗಿಲ್ಲದ ಶನಿವಾರ ಬಣ್ಣದ ಕೆಲಸಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಬಹುದು. ಶಾಲೆಯಲ್ಲಿರೋದು 12 ಪುಟ್ಟ ಸೀಸೆಗಳ ಪೋಸ್ಟರ್ ಕಲರ್ ಸೆಟ್ಟು, 8ನೇ ನಂಬರಿನ ಬ್ರಷ್ಷುಗಳು, ಬಿಸಿಯೂಟದ ಸ್ಟೀಲ್ ತಟ್ಟೆಗಳು. ಕೆಂಪು, ನೀಲಿ ಸೇರಿದರೆ ನೇರಳೆ ಅಂತ ಗೋಡೆ ಮೇಲಿನ ಚಾರ್ಟ್ ಹೇಳುತ್ತೆ. ತಟ್ಟೆಯಲ್ಲಿ ಬರೋದು ಕಾಫಿಪುಡಿ ಬಣ್ಣ. ಹಳದಿಗೂ ನೀಲಿಗೂ ಸಮ ಸಮ ಹಾಕಿದರೆ ಹಸಿರು ಕಾಣೋದೇ ಇಲ್ಲ. ಯಾವ ಸೀಸೆ ಕೊಳ್ಳಬೇಕು, ಎಷ್ಟೆಷ್ಟು ಹಾಕಬೇಕು, ಮೊದಲು ಏನು, ಆಮೇಲೆ ಏನು? ಖರ್ಚು 500 ರೂಪಾಯಿ ದಾಟೋ ಹಾಗಿಲ್ಲ.

ಕುಂಚ_ಸರಸ್ವತಿಪುರಂ:
ಮೇಡಂ, ಚಾರ್ಟಿನದೂ ತಪ್ಪಲ್ಲ, ಮಕ್ಕಳದೂ ತಪ್ಪಲ್ಲ. ಎಡವಟ್ಟು ಆಗ್ತಿರೋದು ಸೀಸೆಯ ಆಯ್ಕೆಯಲ್ಲಿ. ಸ್ಕಾರ್ಲೆಟ್, ವರ್ಮಿಲಿಯನ್ ಎರಡೂ ಕಿತ್ತಳೆ ಕಡೆ ವಾಲಿದ ಕೆಂಪು. ಕ್ರಿಮ್ಸನ್, ರೋಸ್, ಮಜೆಂಟಾ ನೇರಳೆ ಕಡೆ ವಾಲಿದ ಕೆಂಪು. ನೀಲಿಯಲ್ಲೂ ಹೀಗೇ: ಅಲ್ಟ್ರಾಮರೀನ್ ನೇರಳೆ ಕಡೆಗೆ, ಪ್ರಷ್ಯನ್ ಬ್ಲೂ ಮತ್ತು ಥ್ಯಾಲೋ ಬ್ಲೂ ಹಸಿರು ಕಡೆಗೆ. ಹಳದಿಯಲ್ಲಿ ಲೆಮನ್ ಯೆಲ್ಲೋ ಹಸಿರು ಕಡೆಗೆ, ಕ್ರೋಮ್ ಯೆಲ್ಲೋ ಕಿತ್ತಳೆ ಕಡೆಗೆ.

ಬಣ್ಣ ಅನ್ನೋದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಹೀರಿಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತೆ. ಎರಡು ಬಣ್ಣ ಬೆರೆತಾಗ ನಮ್ಮ ಕಣ್ಣಿಗೆ ಬರೋದು ಎರಡೂ ಹೀರದೆ ಬಿಟ್ಟಿದ್ದು ಮಾತ್ರ. ಸ್ಕಾರ್ಲೆಟ್ ನೀಲಿ ಬೆಳಕನ್ನು ಹೆಚ್ಚುಕಮ್ಮಿ ಪೂರ್ತಿ ನುಂಗಿಬಿಡುತ್ತೆ, ಪ್ರಷ್ಯನ್ ಬ್ಲೂ ಕೆಂಪು ಬೆಳಕನ್ನು ನುಂಗುತ್ತೆ. ಇಬ್ಬರೂ ಸೇರಿದ ಮೇಲೆ ಉಳಿಯೋ ಬೆಳಕು ಬಹಳ ಕಮ್ಮಿ, ಅದಕ್ಕೇ ಕಾಫಿಪುಡಿ. ಕ್ರಿಮ್ಸನ್ ಸ್ವಲ್ಪ ನೀಲಿ ಬೆಳಕನ್ನೂ ಬಿಡುತ್ತೆ, ಅಲ್ಟ್ರಾಮರೀನ್ ಒಂಚೂರು ಕೆಂಪನ್ನೂ ಬಿಡುತ್ತೆ. ಈ ಜೋಡಿಗೆ ಮಾತ್ರ ಒಳ್ಳೆ ನೇರಳೆ ಬರುತ್ತೆ. ಮಜೆಂಟಾ ಸಿಕ್ಕರೆ ಇನ್ನೂ ಚೆನ್ನ, ಜಂಬುನೇರಳೆ ಹಣ್ಣಿನ ಬಣ್ಣವೇ ಬರುತ್ತೆ.

ಸೆಟ್ಟಿನಲ್ಲಿರೋ ಕೆಂಪು ಯಾವ ಕಡೆ ವಾಲಿದೆ ಅಂತ ಲೇಬಲ್ ಇಲ್ಲದೇ ಹೋದರೂ ಗೊತ್ತು ಮಾಡಿಕೊಳ್ಳಬಹುದು. ಬಿಳಿ ಡ್ರಾಯಿಂಗ್ ಶೀಟಿನ ಮೇಲೆ ಒಂದು ಹನಿ ಇಟ್ಟು, ಒದ್ದೆ ಬ್ರಷ್ಷಿನಿಂದ ನೀರು ಸೇರಿಸುತ್ತಾ ತೆಳುವಾಗಿ ಎಳೀರಿ. ತುದಿಯಲ್ಲಿ ಗುಲಾಬಿ ಕಂಡರೆ ನೇರಳೆಗೆ ಆಗುತ್ತೆ. ಕೇಸರಿಯೋ ಕಿತ್ತಳೆಯೋ ಕಂಡರೆ ಅದನ್ನು ಕಿತ್ತಳೆ ಮಾಡೋಕೆ ಇಟ್ಟುಕೊಳ್ಳಿ, ನೇರಳೆಗೆ ಮುಟ್ಟಬೇಡಿ.

500 ರೂಪಾಯಲ್ಲಿ ಬಿಡಿಯಾಗಿ ಕೊಳ್ಳಬೇಕಾದ್ದು ನಾಲ್ಕೇ: ಲೆಮನ್ ಯೆಲ್ಲೋ, ಕ್ರಿಮ್ಸನ್ (ರೋಸ್ ಆದರೂ ಸರಿ), ಅಲ್ಟ್ರಾಮರೀನ್, ಬಿಳಿ. ಬಿಳಿ ದೊಡ್ಡ ಸೀಸೆ ತಗೊಳ್ಳಿ, ಬೇರೆ ಎಲ್ಲಕ್ಕಿಂತ ಬೇಗ ಮುಗಿಯುತ್ತೆ. ಸೀಸೆ ಮೇಲೆ ನಾನ್-ಟಾಕ್ಸಿಕ್ ಅಂತ ಇರಲಿ. ಪೇಂಟ್ ಅಂಗಡಿಯ ಸ್ಟೇನರ್ ಅಗ್ಗ ಅಂತ ಮಕ್ಕಳ ಕೈಗೆ ಕೊಡಲೇಬಾರದು, ಅದು ಗೋಡೆಗೆ ಮಾಡಿದ್ದು.

ಇನ್ನು ಸ್ಟೀಲ್ ತಟ್ಟೆ. ಅದು ಕಿಟಕಿ, ಗೋಡೆ, ಮಕ್ಕಳ ಯೂನಿಫಾರ್ಮ್ ಎಲ್ಲದರ ಬಣ್ಣವನ್ನೂ ತೋರಿಸುತ್ತೆ. ಅದರ ಮೇಲಿನ ತೆಳು ಬಣ್ಣ ಎಲ್ಲಾ ಬೂದು ಬೂದಾಗಿ ಕಾಣುತ್ತೆ. ಬಿಳಿ ಪ್ಲಾಸ್ಟಿಕ್ ಐಸ್ ಟ್ರೇ ಅಥವಾ ಬಿಳಿ ಪಿಂಗಾಣಿ ತಟ್ಟೆ ಬೇಕು. ರಟ್ಟಿನ ಮೊಟ್ಟೆ ಟ್ರೇ ನೀರು ಕುಡಿದು ಮೆತ್ತಗಾಗುತ್ತೆ.

ಮಿಸ್_ಮದ್ದೂರು:
ಸರ್, ಅಳತೆ? ಬ್ರಷ್ಷಿನಲ್ಲಿ ಅದ್ದಿ ಅದ್ದಿ ಹಾಕಿದರೆ ಯಾರು ಎಷ್ಟು ಹಾಕಿದರು ಅಂತ ಲೆಕ್ಕವೇ ಸಿಗಲ್ಲ.

ಕುಂಚ_ಸರಸ್ವತಿಪುರಂ:
ಬ್ರಷ್ ಕೊಡಲೇಬೇಡಿ, ಮೊದಲ ಎರಡು ಶನಿವಾರ ಬರೀ ಫಿಲ್ಲರ್ (ಹನಿ ಹನಿಯಾಗಿ ಬಿಡೋ ನಳಿಕೆ). ಮೆಡಿಕಲ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತೆ, ಒಂದು ಬಣ್ಣಕ್ಕೆ ಒಂದು. ಒಂದು ಚಮಚ ಪೋಸ್ಟರ್ ಕಲರಿಗೆ ಎರಡು ಚಮಚ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ. ಗಟ್ಟಿ ಇದ್ದರೆ ಫಿಲ್ಲರಿಗೆ ಏರಲ್ಲ, ತೀರಾ ನೀರಾದರೆ ಹಾಳೆ ಮೇಲೆ ಹರಿದುಹೋಗುತ್ತೆ. ಈ ಹದದಲ್ಲಿ ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಬರುತ್ತೆ.

ಎಲ್ಲಾ ಬಣ್ಣಕ್ಕೂ ಸಮಾನ ಬಲ ಇಲ್ಲ ಅನ್ನೋದು ಚಾರ್ಟಿನಲ್ಲಿ ಎಲ್ಲೂ ಇರಲ್ಲ, ಮಕ್ಕಳ ಕೈ ಕೆಡೋದು ಅಲ್ಲೇ. ಹಳದಿ ಎಲ್ಲದಕ್ಕಿಂತ ಸಾಧು. 8 ಹನಿ ಹಳದಿಗೆ 1 ಹನಿ ಅಲ್ಟ್ರಾಮರೀನ್ ಹಾಕಿ, ಗಿಣಿ ಹಸಿರು ಕಡೆ ತಿರುಗುತ್ತೆ. ಎರಡನೇ ಹನಿಗೆ ಎಲೆ ಹಸಿರು. ನಾಲ್ಕನೆಯದಕ್ಕೆ ಕಡು ಹಸಿರು. ಪ್ರಷ್ಯನ್ ಬ್ಲೂ ಇದ್ದರೆ ಒಂದು ಹನಿಯೇ ಹೆಚ್ಚು, ಆ ಹನಿಗೆ ಇನ್ನೂ ನೀರು ಸೇರಿಸಿ ಹಾಕಬೇಕು. ಕಿತ್ತಳೆಗೆ 6 ಹಳದಿ, 1 ಕೆಂಪು. ನೇರಳೆಗೆ 3 ಕ್ರಿಮ್ಸನ್, 1 ಅಲ್ಟ್ರಾಮರೀನ್, ಆಮೇಲೆ 2 ಹನಿ ಬಿಳಿ. ಬಿಳಿ ಹಾಕದೇ ಇದ್ದರೆ ನೇರಳೆ ಬಂದಿದ್ದರೂ ಕಪ್ಪಾಗಿ ಕಾಣುತ್ತೆ, ಮಕ್ಕಳು "ಬರಲಿಲ್ಲ ಮಿಸ್" ಅಂತಾರೆ.

ಯಾವಾಗಲೂ ತಿಳಿ ಬಣ್ಣ ಮೊದಲು, ಕಡು ಬಣ್ಣ ಆಮೇಲೆ ಹನಿ ಹನಿಯಾಗಿ. ನೀಲಿಗೆ ಹಳದಿ ಸುರೀತಾ ಹೋದರೆ ಸೀಸೆ ಖಾಲಿಯಾದರೂ ಹಸಿರು ಬರಲ್ಲ. ನಿಮ್ಮಲ್ಲಿ ಆಗಿರೋದು ಇದೇ.

ಅಂಗನವಾಡಿ_ಪಾಂಡವಪುರ:
ಮೂರರಿಂದ ಐದು ವರ್ಷದ ಮಕ್ಕಳಿಗೆ ಫಿಲ್ಲರ್ ಹಿಡಿಸೋಕೆ ಆಗಲ್ಲ. ಅವರಿಗೆ ಜಿಪ್ ಕವರ್ ಸರಿಯಾಗುತ್ತೆ. ಮೊದಲು ಅಂಬಲಿ ಥರ ಒಂದು ಅಂಟು ಮಾಡ್ಕೋಬೇಕು: ಅರ್ಧ ಬಟ್ಟಲು ಕಾರ್ನ್‌ಫ್ಲೋರನ್ನ ಅರ್ಧ ಬಟ್ಟಲು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ, ಕುದಿಯೋ ಒಂದೂವರೆ ಬಟ್ಟಲು ನೀರಿಗೆ ಸುರಿದು, ಸಣ್ಣ ಉರೀಲಿ ತಿರುವುತ್ತಾ ಇರಿ. ಬಿಳಿ ಹೋಗಿ ಮಬ್ಬು ಗಾಜಿನ ಹಾಗೆ ಆದ ತಕ್ಷಣ ಇಳಿಸಿ. ಪೂರ್ತಿ ತಣ್ಣಗಾದ ಮೇಲೆ ಬಣ್ಣ. ಬಿಸಿ ಇದ್ದಾಗಲೇ ಕವರಿಗೆ ಹಾಕಿದರೆ ಒಳಗೆ ಹಬೆ ಕಟ್ಟಿ ಏನೂ ಕಾಣಲ್ಲ.

ಕವರಿನ ಒಂದು ಮೂಲೆಗೆ ಎರಡು ಚಮಚ ಹಳದಿ ಅಂಟು, ಎದುರು ಮೂಲೆಗೆ ಅರ್ಧ ಚಮಚ ನೀಲಿ ಅಂಟು. ಗಾಳಿ ಪೂರ್ತಿ ಹಿಂಡಿ ತೆಗೆದು ಜಿಪ್ ಹಾಕಿ, ಬಾಯಿಗೆ ಅಗಲ ಟೇಪನ್ನ ಎರಡು ಸುತ್ತು ಹಾಕಬೇಕು. ಗಾಳಿ ಉಳಿದರೆ ಮಕ್ಕಳು ಕೈಲಿ ಒತ್ತಿದ ಕೂಡಲೇ ಪಟಾರ್ ಅಂತ ಒಡೆಯುತ್ತೆ. ಅದನ್ನ ಬಿಸಿಲು ಬೀಳೋ ಕಿಟಕಿಗೆ, ಮಗುವಿನ ಎದೆ ಎತ್ತರಕ್ಕೆ ಅಂಟಿಸಿಬಿಡಿ. ಬೆರಳಲ್ಲಿ ಒತ್ತಿ ಒತ್ತಿ ತಾವೇ ಬೆರೆಸ್ತಾರೆ. ಮಧ್ಯದಲ್ಲಿ ಹಸಿರು ಗೆರೆ ಹುಟ್ಟೋದನ್ನ ಮೊದಲು ನೋಡಿದ ಮಗು ಎಲ್ಲರನ್ನೂ ಕರೆಯುತ್ತೆ, ಆಗ ಏನೂ ಹೇಳದೆ ನಿಂತಿರೋದೇ ಒಳ್ಳೇದು. ಅಂಟು ಒಂದೇ ದಿನಕ್ಕೆ, ಮಾರನೇ ದಿನಕ್ಕೆ ಹುಳಿ ವಾಸನೆ ಬರುತ್ತೆ.

ಈ ವಯಸ್ಸಿಗೆ ಒಂದು ದಿನ ಒಂದೇ ಜೋಡಿ. ಮೂರು ಬಣ್ಣ ಒಟ್ಟಿಗೆ ಇಟ್ಟರೆ ಐದು ನಿಮಿಷದಲ್ಲಿ ಎಲ್ಲವೂ ಮಣ್ಣು ಬಣ್ಣ.

ಆಫ್‌ಸೆಟ್_ಮೈಸೂರು:
ಒಂದು ತಕರಾರು. ಕೆಂಪು, ಹಳದಿ, ನೀಲಿ ಮೂಲ ಬಣ್ಣ ಅಂತ ಒಂದನೇ ಕ್ಲಾಸಿನಲ್ಲಿ ಗಟ್ಟು ಹೊಡೆಸಿ, ದೊಡ್ಡವರಾದ ಮೇಲೆ ಅಲ್ಲ ಅಂತ ಹೇಳಬೇಕಾಗುತ್ತೆ. ಮುದ್ರಣದಲ್ಲಿ ನಾವು ಬಳಸೋದು ಸಯಾನ್ (ಹಸಿರು ಕಡೆ ವಾಲಿದ ತಿಳಿ ನೀಲಿ), ಮಜೆಂಟಾ, ಹಳದಿ, ಜೊತೆಗೆ ಕಪ್ಪು. ದಿನಪತ್ರಿಕೆಯ ಪುಟದ ಅಂಚಿನಲ್ಲಿ ಈ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ ಇರ್ತವೆ, ಮಕ್ಕಳಿಗೆ ಹುಡುಕೋಕೆ ಹೇಳಿ. ಬಣ್ಣದ ಫೋಟೋ ಮೇಲೆ ಭೂತಗನ್ನಡಿ ಹಿಡಿದರೆ ಮುಖವೂ ಆಕಾಶವೂ ಇದೇ ಚುಕ್ಕಿಗಳು ಅಂತ ಕಾಣುತ್ತೆ. ಹತ್ತು ಪಟ್ಟು ದೊಡ್ಡದು ಮಾಡೋ ಗಾಜು ಇದ್ದರೆ ಚೆನ್ನ.

ಕುಂಚ_ಸರಸ್ವತಿಪುರಂ:
ನಿಮ್ಮ ಮಾತು ಒಪ್ಪುತ್ತೀನಿ ಸರ್. ಮೂರು ಶಾಯಿಯಿಂದ ಬಣ್ಣದ ಚಿತ್ರ ಅಚ್ಚು ಹಾಕೋ ದಾರಿಯನ್ನು ಲೆ ಬ್ಲಾನ್ ಅನ್ನೋ ಮುದ್ರಕ 18ನೇ ಶತಮಾನದ ಶುರುವಿನಲ್ಲೇ ತೋರಿಸಿದ್ದ, ಅವನು ಇಟ್ಟುಕೊಂಡಿದ್ದು ನೀಲಿ, ಹಳದಿ, ಕೆಂಪು. ನಿಜವಾಗಿ ಹೆಚ್ಚು ಬಣ್ಣ ಕೊಡೋ ಮೂರು ಅಂದರೆ ಸಯಾನ್, ಮಜೆಂಟಾ, ಹಳದಿಯೇ. ಮದ್ದೂರಿನ ಮೇಡಂಗೆ ಕ್ರಿಮ್ಸನ್, ಲೆಮನ್ ಯೆಲ್ಲೋ ಹೇಳಿದ್ದೂ ಅದಕ್ಕೇ, ಅವು ಆ ಕಡೆಗೆ ಹತ್ತಿರ. ಸಯಾನ್‌ಗೆ ಹತ್ತಿರದ ಥ್ಯಾಲೋ ಬ್ಲೂ ಸಿಕ್ಕರೆ ಹಸಿರು ಝಗ್ ಅನ್ನುತ್ತೆ. ಆದರೆ ಅದರ ಬಲ ವಿಪರೀತ, ಆರು ವರ್ಷದ ಕೈಯಲ್ಲಿ ಒಂದು ಹನಿ ಹೆಚ್ಚಾದರೆ ಇಡೀ ಟ್ರೇ ನೀಲಿ.

ತರಗತಿಯಲ್ಲಿ ಹೇಳೋ ಮಾತು ಮಾತ್ರ ಜೋಪಾನ. "ಪ್ರಪಂಚದ ಬಣ್ಣ ಎಲ್ಲಾ ಈ ಮೂರರಿಂದ ಬರುತ್ತೆ" ಅನ್ನಬೇಡಿ. "ಈ ಮೂರು ಸೀಸೆಯಿಂದ ಏನೇನು ಬರುತ್ತೆ ನೋಡೋಣ" ಅನ್ನಿ. ಹಾಗೆ ಹೇಳಿದರೆ ಮುಂದೆ ಯಾವುದನ್ನೂ ಅಳಿಸಿ ಬರೆಯಬೇಕಾಗಲ್ಲ.

ವಿಜ್ಞಾನ_ಶ್ರೀರಂಗಪಟ್ಟಣ:
ನಮ್ಮ ಕಡೆ ಮಕ್ಕಳಿಗೆ ಇನ್ನೊಂದು ಗೊಂದಲ ಮನೆಯಿಂದಲೇ ಬಂದಿರುತ್ತೆ. ಆರತಿ ನೀರಿಗೆ ಅರಿಶಿನ ಹಾಕಿ ಸುಣ್ಣ ಹಾಕಿದರೆ ಕೆಂಪಾಗೋದನ್ನು ಎಲ್ಲರೂ ನೋಡಿದ್ದಾರೆ. ಹಳದಿಗೆ ಬಿಳಿ ಸೇರಿಸಿದರೆ ಕೆಂಪು ಅಂತ ಮಗು ಹೇಳಿದರೆ ತಪ್ಪು ಅಂತ ಗದರಬಾರದು, ಅದು ಕಣ್ಣಾರೆ ಕಂಡದ್ದು. ಅಲ್ಲಿ ಬಣ್ಣಗಳು ಬೆರೆತಿಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಸುಣ್ಣದ ಕ್ಷಾರಕ್ಕೆ ತಾನೇ ಬದಲಾಗಿದೆ. ತೋರಿಸುವುದು ಸುಲಭ: ಒಂದು ಲೋಟ ನೀರು, ಕಾಲು ಚಮಚ ಅರಿಶಿನ, ಚಿಟಿಕೆ ಸುಣ್ಣ. ಕೆಂಪಾದ ಮೇಲೆ ನಿಂಬೆರಸ ಹಿಂಡುತ್ತಾ ಹೋದರೆ ಮತ್ತೆ ಹಳದಿ. ಪಕ್ಕದ ಲೋಟದಲ್ಲಿ ಹಳದಿ ಪೋಸ್ಟರ್ ಕಲರಿಗೆ ಬಿಳಿ ಪೋಸ್ಟರ್ ಕಲರ್ ಹಾಕಿ ತೋರಿಸಿ, ಬೆಣ್ಣೆ ಬಣ್ಣ ಬರುತ್ತೆ. ಎರಡೂ ಲೋಟ ಪಕ್ಕಪಕ್ಕ ಇದ್ದರೆ ಸಾಕು. ಸುಣ್ಣ ಮುಟ್ಟುವುದು ಶಿಕ್ಷಕರು ಮಾತ್ರ, ಕಣ್ಣಿಗೆ ತಗುಲಿದರೆ ಸುಡುತ್ತದೆ.

ಶಂಖಪುಷ್ಪ ಕೂಡ ಹೀಗೆಯೇ. ಹತ್ತು ಹೂವನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಸಿದರೆ ಕಡು ನೀಲಿ, ನಿಂಬೆರಸ ಬಿದ್ದರೆ ನೇರಳೆ. ಮೈಸೂರಿನಲ್ಲೇ ತಯಾರಾಗುವ ಮತದಾನದ ಶಾಯಿಯೂ ಬೆರೆಕೆಯಿಂದ ಕಪ್ಪಾಗುವುದಲ್ಲ, ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗುತ್ತದೆ. ಇವೆಲ್ಲವನ್ನೂ ಬಣ್ಣ ಬೆರೆಸುವ ದಿನದಿಂದ ದೂರ ಇಡಿ, ಬೇರೆ ಶನಿವಾರಕ್ಕೆ.

ಬೆಳಕಿನ ಬೆರೆಕೆ ಮೂರನೆಯ ಬಗೆ. ಎರಡು ಟಾರ್ಚಿಗೆ ಕೆಂಪು, ಹಸಿರು ಜಿಲೆಟಿನ್ ಪೇಪರ್ ಎರಡೆರಡು ಪದರ ಕಟ್ಟಿ, ಕತ್ತಲ ಕೋಣೆಯಲ್ಲಿ ಬಿಳಿ ಗೋಡೆಗೆ ಹಿಡಿದರೆ ಎರಡೂ ಬಿದ್ದ ಕಡೆ ಹಳದಿ ಕಾಣುತ್ತದೆ. ಒಂದೇ ಪದರವಾದರೆ ಬಿಳಿ ಬೆಳಕು ನುಸುಳಿ ಎಲ್ಲವೂ ಪೇಲವ. ಹಳದಿ ಬರದೆ ಕಿತ್ತಳೆ ಬಂದರೆ ಕೆಂಪು ಟಾರ್ಚನ್ನು ಎರಡು ಹೆಜ್ಜೆ ಹಿಂದಕ್ಕೆ ಒಯ್ಯಿರಿ. ಕೆ.ಆರ್.ಎಸ್. ಬೃಂದಾವನದ ಕಾರಂಜಿ ನೋಡಿದ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ, ಅಲ್ಲಿ ನೀರಿಗೆ ಬಣ್ಣ ಹಾಕಿಲ್ಲ, ಬೆಳಕು ಬಿಟ್ಟಿದ್ದಾರೆ.

ಬುಗುರಿ ಬಿಲ್ಲೆಯನ್ನೂ ಹೇಳಿಬಿಡುತ್ತೇನೆ. 10 ಸೆಂಟಿಮೀಟರ್ ರಟ್ಟಿನ ಬಿಲ್ಲೆ, ಅರ್ಧ ಹಳದಿ ಅರ್ಧ ನೀಲಿ, ನಡುವೆ ಬೆಂಕಿಕಡ್ಡಿ ತೂರಿಸಿ ತಿರುಗಿಸಿದರೆ ಬೂದು ಕಾಣುತ್ತದೆ, ಹಸಿರಲ್ಲ. ಅಲ್ಲಿ ಒಂದು ಬಣ್ಣ ಇನ್ನೊಂದರ ಬೆಳಕನ್ನು ಹೀರುತ್ತಿಲ್ಲ, ಕಣ್ಣು ಎರಡರ ಸರಾಸರಿ ತೆಗೆಯುತ್ತಿದೆ. ಏಳು ಬಣ್ಣದ ನ್ಯೂಟನ್ ಬಿಲ್ಲೆಯೂ ಅಚ್ಚ ಬಿಳಿ ಆಗುವುದಿಲ್ಲ, ಬೂದು ಬಿಳಿ ಆಗುತ್ತದೆ, ಏಕೆಂದರೆ ಪ್ರತಿ ಬಣ್ಣವೂ ಬಿದ್ದ ಬೆಳಕಿನ ಒಂದು ಪಾಲನ್ನಷ್ಟೇ ವಾಪಸ್ ಕಳಿಸುತ್ತದೆ. ಬಿಳಿ ಬರುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಮಕ್ಕಳು ಬೂದನ್ನು ನೋಡಿ ಬಿಳಿ ಎನ್ನುತ್ತಾರೆ. ಕಂಡದ್ದನ್ನು ಹೇಳುವ ಅಭ್ಯಾಸ ಹೋಗುತ್ತದೆ, ಅದೇ ದೊಡ್ಡ ನಷ್ಟ.

ಹಾಸುಹೊಕ್ಕು:
ಸರಾಸರಿ ಅಂದಿರಲ್ಲ, ರೇಷ್ಮೆಯಲ್ಲಿ ನಡೆಯೋದೂ ಅದೇ. ಹಾಸು ಅಂದರೆ ಉದ್ದದ ಎಳೆ ಕೆಂಪು, ಹೊಕ್ಕು ಅಂದರೆ ಅಡ್ಡ ಎಳೆ ಹಸಿರು ಹಾಕಿದ ಸೀರೆ ಒಂದು ಮಗ್ಗುಲಿಂದ ಕೆಂಪು, ಇನ್ನೊಂದು ಮಗ್ಗುಲಿಂದ ಹಸಿರು, ದೂರದಿಂದ ಕಂದು. ಶಾಟ್ ಕಲರ್ ಸೀರೆಯ ಒಂದು ತುಂಡು ತರಗತಿಗೆ ತಂದು, ಕಿಟಕಿ ಬೆಳಕಲ್ಲಿ ಮಡಚಿ ತೋರಿಸಿ.

ಇದನ್ನೇ ಕಾಗದದ ಪಟ್ಟಿ ಹೆಣೆದು ತೋರಿಸಿ ಅಂತ ಎಷ್ಟೋ ಕಡೆ ಹೇಳ್ತಾರೆ. 5 ಮಿಲಿಮೀಟರ್ ಪಟ್ಟಿ ಹೆಣೆದರೆ ತರಗತಿಯ ಗೋಡೆಯಿಂದ ಗೋಡೆಗೆ ಹೋದರೂ ಬಣ್ಣ ಬೆರೆಯಲ್ಲ, ಪಟ್ಟಿ ಪಟ್ಟಿಯಾಗೇ ಕಾಣುತ್ತೆ. ಬೆರೆಯಬೇಕು ಅಂದರೆ ಸ್ಕೆಚ್ ಪೆನ್ನಿನಲ್ಲಿ ಒಂದು ಮಿಲಿಮೀಟರ್ ಚುಕ್ಕಿ ಒತ್ತೊತ್ತಾಗಿ ಇಡಿಸಿ, ಅಂಗಳದಲ್ಲಿ ಐದಾರು ಮೀಟರ್ ದೂರ ನಿಲ್ಲಿಸಿ ನೋಡಿಸಬೇಕು. ಕೆಂಪು, ಹಳದಿ ಚುಕ್ಕಿ ಚೆನ್ನಾಗಿ ಬೆರೆತು ಕಿತ್ತಳೆಯಾಗುತ್ತೆ. ಹಳದಿ, ನೀಲಿ ಜೋಡಿ ಮೊಂಡು: ಒಂದು ತೀರಾ ತಿಳಿ, ಇನ್ನೊಂದು ತೀರಾ ಕಡು, ಚುಕ್ಕಿ ಬಿಡಿಬಿಡಿಯಾಗೇ ಉಳಿಯುತ್ತೆ.

ಸೀರೆಯ ಅಂಚು, ಒಡಲಿನ ಹಾಗೆ ಪಕ್ಕಪಕ್ಕ ಕೂರೋ ಬಣ್ಣಗಳ ವಿಚಾರವೂ ಇದೆ. ಬೂದು ಕಾಗದದ ಎರಡು ಇಂಚಿನ ಎರಡು ಚೌಕ ಒಂದೇ ಹಾಳೆಯಿಂದ ಕತ್ತರಿಸಿ, ಒಂದನ್ನು ಕೆಂಪು ಕಾಗದದ ಮೇಲೆ, ಒಂದನ್ನು ಹಸಿರಿನ ಮೇಲೆ ಇಡಿ. ಕೆಂಪಿನ ಮೇಲಿನದು ಹಸಿರು ಛಾಯೆ ಹೊಡೆಯುತ್ತೆ, ಹಸಿರಿನ ಮೇಲಿನದು ಗುಲಾಬಿ ಛಾಯೆ. ಎರಡೂ ಒಂದೇ ಅಂತ ನಂಬದ ಮಗುವಿನ ಕೈಲೇ ಚೌಕ ಎತ್ತಿಸಿ ಜೋಡಿಸಿ. ಪ್ಯಾರಿಸಿನ ಗೋಬ್ಲೆನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್‌ಗೆ ಕಪ್ಪು ನೂಲು ಪೇಲವ ಅನ್ನೋ ದೂರು ಬಂದಿತ್ತು. ನೂಲಿನಲ್ಲಿ ದೋಷ ಇರಲಿಲ್ಲ, ಪಕ್ಕದ ಬಣ್ಣದಿಂದ ಹಾಗೆ ಕಾಣ್ತಿತ್ತು. 1839ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದ. ದೇವರಾಜ ಮಾರ್ಕೆಟ್ಟಿನಲ್ಲಿ ಕುಂಕುಮದ ಗುಡ್ಡೆಗಳು ಅಷ್ಟು ಹೊಳೆಯೋದಕ್ಕೂ ಕಾರಣ ಇದೇ, ಕೆಂಪಿನ ಪಕ್ಕ ಹಸಿರು, ಹಳದಿ ಪಕ್ಕ ನೇರಳೆ.

ರಂಗೋಲಿ_ಅಗ್ರಹಾರ:
ರಂಗೋಲಿ ಪುಡಿ ಬಗ್ಗೆ ಯಾರೂ ಹೇಳಲಿಲ್ಲ. ಮಕ್ಕಳಿಗೆ ಇಷ್ಟ, ನೀರಿನ ರಗಳೆ ಇಲ್ಲ. ಆದರೆ ಒಣ ಪುಡಿ ಬೆರೆಸೋದೂ ಚುಕ್ಕಿ ಲೆಕ್ಕವೇ, ಕಾಳು ಕಾಳಾಗಿ ಪಕ್ಕಪಕ್ಕ ಕೂರುತ್ತೆ. 4 ಚಮಚ ಹಳದಿಗೆ 1 ಚಮಚ ನೀಲಿ ಹಾಕಿ ಕೈಯಾಡಿಸಿದರೆ ನಿಂತು ನೋಡಿದಾಗ ಮಂಕು ಹಸಿರು, ಬಗ್ಗಿ ನೋಡಿದರೆ ಎರಡೂ ಬಿಡಿ ಬಿಡಿ. ಅಂಗಡಿ ಪುಡಿಯಲ್ಲಿ ಬಿಳಿ ಕಲ್ಲುಪುಡಿಯೇ ಹೆಚ್ಚು, ಅದಕ್ಕೇ ಹೊಸ ಬಣ್ಣ ಯಾವತ್ತೂ ಸ್ವಲ್ಪ ಪೇಲವ. ಇದನ್ನ ತಿಳಿ-ಕಡು ಕಲಿಸೋಕೆ ಬಳಸಿ, ಅದಕ್ಕೆ ಬಹಳ ಚೆನ್ನ: ಬಿಳಿ ಪುಡಿಗೆ ಒಂದೊಂದು ಚಮಚ ಬಣ್ಣದ ಪುಡಿ ಏರಿಸುತ್ತಾ ಒಂದು ಸಾಲು ಎಳೆ ಬಿಡಿಸಬಹುದು. ಅಂಗಳದಲ್ಲೇ ಮಾಡಿಸಿ, ಫ್ಯಾನ್ ಕೆಳಗೆ ಬೇಡ. ಉಬ್ಬಸ ಇರೋ ಮಗು ಇದ್ದರೆ ಪುಡಿ ಬಿಟ್ಟೇಬಿಡಿ.

ಡ್ರಾಯಿಂಗ್_ಮಳವಳ್ಳಿ:
ತಿಳಿ-ಕಡು ಸಾಲಿನಲ್ಲಿ ಒಂದು ಸೂಕ್ಷ್ಮ ಇದೆ ಅಕ್ಕ. ಪ್ರತಿ ಮೆಟ್ಟಿಲಿಗೂ ಒಂದೊಂದೇ ಚಮಚ ಏರಿಸಿದರೆ ಮೊದಲೆರಡು ಮೆಟ್ಟಿಲಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ, ಆಮೇಲಿನವು ಎಲ್ಲಾ ಒಂದೇ ಥರ. ದುಪ್ಪಟ್ಟು ಮಾಡ್ತಾ ಹೋಗಬೇಕು. ಹನಿಯಲ್ಲಾದರೆ ಟ್ರೇಯ ಐದು ಗುಣಿಗೂ ತಲಾ 10 ಹನಿ ಬಿಳಿ ಹಾಕಿ, ನೀಲಿ ಕ್ರಮವಾಗಿ 1, 2, 4, 8, 16. ಕಣ್ಣು ಅನುಪಾತ ಅಳೆಯುತ್ತೆ, ಹನಿ ಎಣಿಸಲ್ಲ. ಕಪ್ಪು ಕೊಡೋದಾದರೆ ಕೊನೆಗೆ, ಶಿಕ್ಷಕರ ಕೈಲಿ, 10 ಹನಿಗೆ ಒಂದೇ ಹನಿ. ಹಳದಿಗೆ ಕಪ್ಪು ಹಾಕಿದರೆ ಪಾಚಿ ಹಸಿರು ಬರೋದನ್ನ ತೋರಿಸಲೇಬೇಕು, ನೀಲಿಯೇ ಇಲ್ಲದೆ ಹಸಿರು ಹೇಗೆ ಬಂತು ಅಂತ ಮೂರನೇ ಕ್ಲಾಸಿನವರು ಕೇಳ್ತಾರೆ. ಎಷ್ಟೋ ಸೀಸೆಯ ಕಪ್ಪು ಬಣ್ಣಗಳು ಒಂಚೂರು ನೀಲಿ ಕಡೆ ವಾಲಿರ್ತವೆ ಅಂತ ಹೇಳಿದರೆ ಅವರಿಗೆ ಅರ್ಥವಾಗುತ್ತೆ.

ಬಣ್ಣದ ಚಕ್ರದ ಬಗ್ಗೆ: ಅಚ್ಚು ಹಾಕಿದ 12 ಮನೆಯ ಚಕ್ರ ಕೊಟ್ಟು ತುಂಬಿಸೋದು ಹೈಸ್ಕೂಲಿನ ಡ್ರಾಯಿಂಗ್ ಪರೀಕ್ಷೆಗೆ ಸರಿ. ಪುಟ್ಟ ಮಕ್ಕಳಿಗೆ ಅದು ಬರೀ ಗೆರೆ ದಾಟದೆ ಬಣ್ಣ ತುಂಬೋ ಕೆಲಸ ಆಗುತ್ತೆ. ಅದರ ಬದಲು ಬೆರೆಸಿದ ಬಣ್ಣವನ್ನೆಲ್ಲ ತುಂಡು ಹಾಳೆಗೆ ಬಳಿದು ಒಣಗಿಸಿ, ಮುಂದಿನ ವಾರ ಎರಡೆರಡು ಇಂಚು ಕತ್ತರಿಸಿ, ನಾಲ್ಕು ಮಕ್ಕಳ ಗುಂಪಿಗೆ ಇಪ್ಪತ್ತು ಚೂರು ಕೊಡಿ. "ನೆಂಟರ ಪಕ್ಕ ನೆಂಟರನ್ನ ಕೂರಿಸಿ" ಅನ್ನಿ, ಅಷ್ಟೇ. ಮೊದಲು ಉದ್ದ ಸಾಲು ಮಾಡ್ತಾರೆ, ಒಂದು ತುದೀಲಿ ಕೆಂಪು, ಇನ್ನೊಂದು ತುದೀಲಿ ನೇರಳೆ. ನೇರಳೆ ಕೆಂಪಿಗೂ ನೆಂಟ ಅಂತ ಯಾರಿಗಾದರೂ ಹೊಳೆದ ಕೂಡಲೇ ಸಾಲು ಬಾಗಿ ಚಕ್ರ ಆಗುತ್ತೆ. ನ್ಯೂಟನ್ 1704ರಲ್ಲಿ ಕಾಮನಬಿಲ್ಲಿನ ಎರಡು ತುದಿ ಕೂಡಿಸಿ ದುಂಡಗೆ ಬರೆದದ್ದೂ ಇದೇ ಜಾಗದಲ್ಲಿ. ಕಂದು, ಬೂದು ಚೂರು ಎಲ್ಲೂ ಕೂರಲ್ಲ, ಅವನ್ನ ಮಧ್ಯಕ್ಕೆ ಇಡಲಿ, ಸರಿಯಾದ ಜಾಗವೇ ಅದು. ನಲಿ-ಕಲಿಯಲ್ಲಿ ಮೂರೂ ತರಗತಿ ಒಟ್ಟಿಗೆ ಇರೋದು ಇಲ್ಲಿ ಅನುಕೂಲ: ಮೂರನೆಯವರು ಹನಿ ಎಣಿಸಿ ಬರೆದಿಡಲಿ, ಒಂದನೆಯವರು ಹನಿ ಬಿಡಲಿ.

ಅಂಗನವಾಡಿ_ಪಾಂಡವಪುರ:
ಕಂದು ಬಣ್ಣದ ಮಾತು ಬಂದಿದ್ದು ಒಳ್ಳೇದಾಯ್ತು. ಕ್ರೇಯಾನ್ ಡಬ್ಬೀಲಿ ತಿಳಿ ಗುಲಾಬಿ ಕಡ್ಡಿಯನ್ನ "ಸ್ಕಿನ್ ಕಲರ್" ಅಂತ ಕರೆಯೋದನ್ನ ದಯವಿಟ್ಟು ಎಲ್ಲರೂ ಬಿಡಬೇಕು. ನಮ್ಮ ತರಗತಿಯ ಒಬ್ಬ ಮಗುವಿನ ಮೈಬಣ್ಣವೂ ಅದಲ್ಲ. ತನ್ನ ಚಿತ್ರವನ್ನ ತಾನೇ ಬೇರೆ ಯಾರದೋ ಬಣ್ಣದಲ್ಲಿ ಬರೀತಾ ಬೆಳೆಯುತ್ತೆ ಮಗು.

ಕುಂಚ_ಸರಸ್ವತಿಪುರಂ:
ನೂರಕ್ಕೆ ನೂರು ನಿಜ. ಬಣ್ಣ ಬೆರೆಸೋ ಪಾಠದಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ದಿನ ಇದೇ, ಹಾಗಾಗಿ ವಿವರವಾಗಿ ಬರೀತೀನಿ.

ತಳಬಣ್ಣ: 6 ಹನಿ ಹಳದಿ, 3 ಹನಿ ಕೆಂಪು, 1 ಹನಿ ನೀಲಿ. ಚೆನ್ನಾಗಿ ಕಲಸಿದರೆ ಕಂದು. ಇಲ್ಲಿ ಸ್ಕಾರ್ಲೆಟ್ ಬಳಸಬಹುದು, ನೇರಳೆಗೆ ಬೇಡ ಅಂದ ಸೀಸೆ ಇಲ್ಲಿ ಕೆಲಸಕ್ಕೆ ಬಂತು. ಮಗು ತನ್ನ ಮುಂಗೈಯನ್ನು ಹಾಳೆ ಪಕ್ಕ ಇಡಲಿ, ಅಂಗೈ ಅಲ್ಲ, ಅಂಗೈ ಎಲ್ಲರದೂ ಹೆಚ್ಚುಕಮ್ಮಿ ಒಂದೇ. ಬೆರೆಸಿದ್ದನ್ನು ಒಂದು ಕಾಗದದ ತುದಿಗೆ ಬಳಿದು, ಒಣಗಿಸಿ, ಆಮೇಲೆ ಚರ್ಮದ ಪಕ್ಕ ಹಿಡಿದು ನೋಡಬೇಕು. ಪೋಸ್ಟರ್ ಕಲರ್ ಒಣಗಿದಾಗ ಹಸಿ ಇದ್ದ ಹಾಗೇ ಉಳಿಯಲ್ಲ, ಹಸಿಯಲ್ಲಿ ಹೊಂದಿದ್ದು ಒಣಗಿದ ಮೇಲೆ ಹೊಂದಲ್ಲ. ತುಂಬಾ ಹಸಿರು ಹೊಡೆದರೆ ಒಂದು ಹನಿ ಕೆಂಪು. ಇಟ್ಟಿಗೆ ಥರ ಕೆಂಪಾದರೆ ಅರ್ಧ ಹನಿ ನೀಲಿ, ಅಂದರೆ ಫಿಲ್ಲರ್ ತುದಿಯನ್ನು ಮುಟ್ಟಿಸಿದರೆ ಸಾಕು. ತಿಳಿ ಮಾಡೋಕೆ ಮೊದಲು ಹಳದಿ, ಆಮೇಲೆ ಬಿಳಿ. ಬರೀ ಬಿಳಿ ಹಾಕಿದರೆ ಜೀವ ಹೋಗಿ ಸಿಮೆಂಟಿನ ಹಾಗೆ ಆಗುತ್ತೆ. ಕಡು ಮಾಡೋಕೆ ಕಪ್ಪು ಬೇಡ, ನೀಲಿ ಮತ್ತು ಕೆಂಪು ಒಂದೊಂದು ಹನಿ.

ಇದೇ ಹೊಂದಿಸೋ ಆಟಕ್ಕೆ ಮಂಡ್ಯದ ಕಡೆ ಬೆಲ್ಲ ಬಹಳ ಒಳ್ಳೇ ವಸ್ತು. ಎರಡು ಅಚ್ಚು ಬೆಲ್ಲ ತನ್ನಿ, ಒಂದು ಹೊನ್ನಿನ ಹಳದಿ, ಒಂದು ಕಡು ಕಂದು. ರಾಸಾಯನಿಕ ಹಾಕಿ ತಿಳಿ ಮಾಡಿದ ಬೆಲ್ಲ ಒಂದು, ಹಾಕದೆ ಬಿಟ್ಟದ್ದು ಇನ್ನೊಂದು ಅಂತ ಆಲೆಮನೆ ಇರೋ ಊರಿನ ಮಕ್ಕಳೇ ಹೇಳ್ತಾರೆ. ಬೆಲ್ಲದ ಒಡೆದ ಮೈ ನೋಡಿ ಬಣ್ಣ ಹೊಂದಿಸಲಿ: ತಿಳಿಯದಕ್ಕೆ 10 ಹಳದಿ, 1 ಕೆಂಪು, ನೀಲಿಯ ಒಂದು ಸ್ಪರ್ಶ, ಕಡುವಿಗೆ ತಳಬಣ್ಣವೇ ಹತ್ತಿರ. ಬಣ್ಣದ ಕೈಯಲ್ಲಿ ಬೆಲ್ಲ ಬಾಯಿಗೆ ಹೋಗದ ಹಾಗೆ ಮುಚ್ಚಳದ ಗಾಜಿನ ಡಬ್ಬಿಯಲ್ಲಿಡಿ.

ಆಪ್ಟೋಮೆಟ್ರಿ_ಕುವೆಂಪುನಗರ:
28 ಮಕ್ಕಳಿದ್ದಾರೆ ಅಂದ್ರಿ. ಚೂರು ಜೋಡಿಸುವಾಗ ಯಾರಾದರೂ ಹಸಿರನ್ನೂ ಕಂದನ್ನೂ ಪದೇಪದೇ ಒಟ್ಟಿಗೆ ಇಟ್ಟರೆ, ನೇರಳೆಯನ್ನು ನೀಲಿ ಅಂದರೆ, ಗಮನ ಕೊಡಿ. ಕೆಂಪು-ಹಸಿರು ಬಣ್ಣಗುರುಡು ಹುಟ್ಟಿನಿಂದ ಬರುವಂಥದ್ದು, ಅದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು. ಅಂಥ ಮಗು ತಿಳಿ-ಕಡು ಸಾಲನ್ನು ಬೇರೆಯವರಷ್ಟೇ ಚೆನ್ನಾಗಿ ಜೋಡಿಸುತ್ತೆ, ಎಡವೋದು ಬಣ್ಣದಲ್ಲಿ ಮಾತ್ರ. ಎಲ್ಲರ ಮುಂದೆ "ಇದು ಯಾವ ಬಣ್ಣ ಹೇಳು" ಅಂತ ಪರೀಕ್ಷೆ ಮಾಡಬೇಡಿ. ಬಣ್ಣಗುರುಡು ಪತ್ತೆಹಚ್ಚುವ, ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಇಶಿಹಾರ ಪಟಗಳಲ್ಲಿ ಅಂಕಿ ಓದಲು ಬಾರದ ಮಕ್ಕಳಿಗೆ ಬೆರಳಿನಿಂದ ಗೆರೆ ಹಿಂಬಾಲಿಸುವ ಪಟಗಳೂ ಇವೆ, ಕಣ್ಣಿನ ವಿಭಾಗ ಇರುವ ಆಸ್ಪತ್ರೆಯಲ್ಲಿ ಕೆಲವೇ ನಿಮಿಷದ ಕೆಲಸ. ಫೋನಿನ ಪರದೆಯಲ್ಲಿ ತೋರಿಸಿ ತೀರ್ಮಾನ ಮಾಡಬೇಡಿ, ಪರದೆಯ ಬಣ್ಣ ಒಂದೊಂದು ಫೋನಿನಲ್ಲಿ ಒಂದೊಂದು ಥರ. ಸೀಸೆಗಳ ಮೇಲೆ ಬಣ್ಣದ ಹೆಸರು ಬರೆದು ಅಂಟಿಸಿ, ಓದೋಕೆ ಬಾರದವರಿಗೆ ಎಲೆ, ಸೂರ್ಯ, ದಾಸವಾಳದ ಚಿತ್ರ.

ಮಿಸ್_ಮದ್ದೂರು:
ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ: 28 ಮಕ್ಕಳಿಗೆ ಎಷ್ಟು ಬಣ್ಣ, ಎಷ್ಟು ಹಾಳೆ? ಬಿಳಿ ಯೂನಿಫಾರ್ಮಿಗೆ ಕಲೆಯಾದರೆ?

ಡ್ರಾಯಿಂಗ್_ಮಳವಳ್ಳಿ:
ನಾಲ್ಕು ಮಕ್ಕಳ ಏಳು ಗುಂಪು ಮಾಡಿ. ಗುಂಪಿಗೆ ನೀರು ಬೆರೆಸಿದ ಹಳದಿ 5 ಮಿಲಿ, ಬಿಳಿ 5, ಕೆಂಪು 2, ನೀಲಿ 2. ಏಳು ಗುಂಪಿಗೆ ಹಳದಿ 35 ಮಿಲಿ ಆಯ್ತು, ಒಂದಕ್ಕೆ ಎರಡು ನೀರಿನ ಲೆಕ್ಕದಲ್ಲಿ ಅಸಲು ಬಣ್ಣ 12 ಮಿಲಿ ಸಾಕು. ಬಿಳಿಯೂ ಅಷ್ಟೇ. ಕೆಂಪು, ನೀಲಿ ಐದೈದು ಮಿಲಿ. 22 ಇಂಚು 28 ಇಂಚಿನ ಪೂರ್ತಿ ಡ್ರಾಯಿಂಗ್ ಶೀಟನ್ನು ಹದಿನಾರು ಮಾಡಿದರೆ ಐದೂವರೆಗೆ ಏಳು ಇಂಚಿನ ತುಂಡು. ಮಗುವಿಗೆ ಎರಡರಂತೆ 56 ಬೇಕು, ನಾಲ್ಕು ಶೀಟಿಗೆ 64 ಸಿಗುತ್ತೆ. ನುಣುಪು ಚಾರ್ಟ್ ಪೇಪರ್ ಬೇಡ, ಹನಿ ಮೇಲೇ ನಿಂತು ಜಾರುತ್ತೆ. ನೋಟ್‌ಬುಕ್ ಹಾಳೆಯೂ ಬೇಡ, ಒದ್ದೆಯಾಗಿ ಸುಕ್ಕುಗಟ್ಟಿ ಬಣ್ಣ ಗುಂಡಿಗಳಲ್ಲಿ ನಿಲ್ಲುತ್ತೆ. ಗುಂಪಿಗೆ ಎರಡು ಚೊಂಬು ನೀರು: ಒಂದು ಫಿಲ್ಲರ್ ತೊಳೆಯೋಕೆ, ಒಂದು ಜಾಲಾಡಿಸೋಕೆ.

ಕಲೆಗೆ ಮೊದಲು ಬರೀ ತಣ್ಣೀರು, ಬಟ್ಟೆಯ ಹಿಂಬದಿಯಿಂದ ಹುಯ್ಯಬೇಕು, ಒಣಗೋಕೆ ಬಿಡಬಾರದು. ಪೂರ್ತಿ ಹೋದ ಮೇಲೆ ಸೋಪು.

ವಿಜ್ಞಾನ_ಶ್ರೀರಂಗಪಟ್ಟಣ:
ಪ್ರಷ್ಯನ್ ಬ್ಲೂ ಕಲೆಗೆ ಬಟ್ಟೆ ಸೋಪನ್ನಾಗಲಿ ವಾಷಿಂಗ್ ಸೋಡಾವನ್ನಾಗಲಿ ನೇರ ಹಾಕಬೇಡಿ. ಅದು ಕಬ್ಬಿಣದ ಬಣ್ಣ, ಕ್ಷಾರ ತಾಗಿದರೆ ನೀಲಿ ಹೋಗಿ ತುಕ್ಕಿನ ಕಂದು ಕಲೆ ಕೂರುತ್ತದೆ. ನೀಲಿ ಇರುವಾಗಲೇ ನೀರಿನಲ್ಲಿ ತೆಗೆಯಬೇಕು. ಅರಿಶಿನದ ಕಲೆ ಸೋಪಿಗೆ ಕೆಂಪಾದರೆ ಗಾಬರಿ ಬೇಡ, ಚೆನ್ನಾಗಿ ಜಾಲಾಡಿಸಿ ಎರಡು ದಿನ ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಉಳಿದ ಹಳದಿ ಛಾಯೆಗೆ ಬಟ್ಟೆಗೆ ಹಾಕುವ ನೀಲಿಯ ಎರಡು ಹನಿ ಬಕೆಟ್ ನೀರಿಗೆ ಹಾಕಿ ಅದ್ದಿ. ಎದುರು ಬಣ್ಣ ಹಳದಿಯನ್ನು ಅಡಗಿಸುತ್ತದೆ, ಮೂರನೇ ತರಗತಿಯವರಿಗೆ ಅದನ್ನೇ ಪಾಠವಾಗಿಯೂ ತೋರಿಸಬಹುದು.

ಕುಂಚ_ಸರಸ್ವತಿಪುರಂ:
ಮಿಕ್ಕ ಬಣ್ಣವನ್ನು ಮೂಲ ಸೀಸೆಗೆ ವಾಪಸ್ ಸುರಿಯಬೇಡಿ ಮೇಡಂ. ನೀರು ಸೇರಿದ್ದು ಒಂದು ವಾರದಲ್ಲಿ ಬೂಷ್ಟು ಹಿಡಿಯುತ್ತೆ, ಇಡೀ ಸೀಸೆ ಹಾಳು. ಮಿಕ್ಕಿದ್ದನ್ನೆಲ್ಲ ಒಂದೇ ಡಬ್ಬಿಗೆ ಹಾಕಿ, ಒಂದಲ್ಲ ಒಂದು ಕಂದು ಆಗೇ ಆಗುತ್ತೆ. ಅವತ್ತೇ ಒಂದಿಷ್ಟು ತುಂಡು ಹಾಳೆಗೆ ಬಳಿದು ಒಣಗಿಸಿ ಇಟ್ಟುಕೊಳ್ಳಿ, ಮುಂದಿನ ಶನಿವಾರ ಮರದ ಕಾಂಡ, ಮಡಕೆ, ಹೆಂಚು ಕತ್ತರಿಸಿ ಅಂಟಿಸೋಕೆ ಆಗುತ್ತೆ. ಸೀಸೆಯ ಬಾಯಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮುಚ್ಚಳ ಹಾಕಿ, ಇಲ್ಲದಿದ್ದರೆ ಒಣಗಿದ ಬಣ್ಣ ಅಂಟಿಕೊಂಡು ಮುಂದಿನ ಸಲ ತೆಗೆಯೋಕೆ ಬರಲ್ಲ.